ರೇಣುಕಾಳ ಯಶೋಗಾಥೆ

ರೇಣುಕಾ ಮಾಡಿದ ತಪ್ಪು ಒಂದೇ. ಮೂರು ತಿಂಗಳ ಹಿಂದೆ ರಂಗತರಬೇತಿ ಕೇಂದ್ರದಿಂದ ಒಂದು ಫಾರ್ಮು ಬಂದಿತ್ತು. ‘ಸ್ವತಂತ್ರವಾಗಿ ರಂಗವೃತ್ತಿ ನಡೆಸುತ್ತಿದ್ದೀರಾ?’ ಎಂದು ಅದರಲ್ಲೊಂದು ಪ್ರಶ್ನೆ. ‘ಇಲ್ಲ’ ಎಂದರೆ ಯಾಕಿಲ್ಲ ಎಂದು ಒಂದು ಪುಟ ಬರೆಯಬೇಕು. ಅವತ್ತೇ ಮನೆಯ ಎಮ್ಮೆ ಈಯುವ ಗಡಿಬಿಡಿ. ಅವಳು ‘ಹೌದು’ ಎಂದು ಗುರುತು ಹಾಕಿ ಕಳಿಸಿಬಿಟ್ಟಳು.

ಇವತ್ತು ಬೆಳಿಗ್ಗೆ ಎಂಟಕ್ಕೆ ಕೇಂದ್ರದ ಸಂಯೋಜಕ ಶಾಂತಕುಮಾರ ಕೊಪ್ಪಳದಿಂದ ಫೋನ್ ಮಾಡಿದ.

“ರೇಣುಕಾ ಅವ್ರ, ಹತ್ತಕ್ಕ ಕ್ಯಾಮೆರಾ ತಗೊಂಡು ಇರಕಲ್ಲಗಡಕ್ಕ ಬರಾಕತ್ತೀವ್ರಿ. ನಮ್ಮಲ್ಲಿ ಕಲ್ತವ್ರ ಯಶೋಗಾಥೆ ತಗೀಬೇಕು. ನೀವ ಮೊದಲ್ನೇರು. ನಿಮ್ಮ ತಂಡ, ರಿಹರ್ಸಲ್ಲು, ಎಲ್ಲಾ ತಯಾರಿರ್ಲಿ.”

“ಸರ್, ಖರೇ ಹೇಳ್ಬೇಕಂದ್ರ ನನಗ...”

“ನಾಚ್ಕೋಬ್ಯಾಡ್ರಿ!” ಫೋನ್ ಕಟ್ಟಾಯಿತು.

ರೇಣುಕಾ ಒಲೆಯ ಮೇಲಿನ ಎಸರಿನ ಹಾಗೆ ಕುದಿಯತೊಡಗಿದಳು. ಎಲ್ಲಿಯ ತಂಡ? ಒಂದು ವರ್ಷ ದನಿ, ದೇಹ, ಬೆಳಕು, ನಿರ್ದೇಶನ ಎಲ್ಲ ಕಲಿತು ಊರಿಗೆ ಬಂದು ಒಂದೂವರೆ ವರ್ಷವಾಗಿತ್ತು. ಯಲಬುರ್ಗಾದ ಡೆಂಗ್ಯೂ ಜಾಥಾದಲ್ಲಿ ಅವಳನ್ನು ಸೊಳ್ಳೆ ಮಾಡಿ ಓಡಾಡಿಸಿದ್ದರು. ಕುಷ್ಟಗಿಯ ಒಂದು ಶಾಲೆಗೆ ನಾಟಕ ಕಲಿಸುತ್ತೇನೆಂದು ಹೋದರೆ ಹೆಡ್‌ಮಾಸ್ತರರು, “ನಾಟಕ ಯಾರ ನೋಡ್ತಾರವ್ವ, ಎರಡು ಡ್ಯಾನ್ಸ್ ಕಲಿಸು” ಎಂದರು. ಗಂಗಾವತಿಯ ಸೀರೆ ಅಂಗಡಿಯವರು ‘ಕಲಾವಿದೆ ಬೇಕು’ ಎಂದು ಕರೆಸಿ ಬಾಗಿಲಲ್ಲಿ ಗೊಂಬೆಗಳ ಸಾಲಿಗೆ ನಿಲ್ಲಿಸಿದರು. ಒಬ್ಬ ಅಜ್ಜಿ ಅವಳ ಸೆರಗನ್ನು ಹಿಡಿದು, ತಿಕ್ಕಿ, ಬಣ್ಣ ಬಿಡುತ್ತದೆ ಎಂದು ಹೇಳಿ ಹೋಗಿದ್ದಳು.

“ಬರ್ಲಿ! ಕೆಲಸ ಇಲ್ಲ ಅಂತ ಮಾರೀ ಮ್ಯಾಲ ಹೇಳ್ತೀನಿ,” ಎಂದು ಅವಳು ಪಾತ್ರೆ ಕುಕ್ಕಿದಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ಕಳಕಮ್ಮನ ತಲೆ ಮೇಲೆದ್ದಿತು. “ಹುಚ್ಚಿ! ಕ್ಯಾಮೆರಾ ಮುಂದ ನಮ್ಮ ಓಣಿ ಮಾನ ಕಳೀತಿಯೇನು? ತಂಡ ಬೇಕಲ್ಲ? ನಾವದೀವಿ.”

“ಬ್ಯಾಡ ಚಿಗವ್ವ!”

ಚಿಗವ್ವ ಆಗಲೇ ಓಣಿಯ ತುದಿ ಮುಟ್ಟಿದ್ದಳು. ಅರ್ಧ ಗಂಟೆಯಲ್ಲಿ ಮಹಿಳಾ ಸಂಘದ ಎಂಟು ಮಂದಿ ಅಂಗಳದಲ್ಲಿ ಸೇರಿದರು. ಮೈಕ್‌ಸೆಟ್ಟಿನ ಹುಸೇನಬಾಷಾ ಯಾರೂ ಕೇಳದಿದ್ದರೂ ಬೇವಿನ ಗಿಡಕ್ಕೆ ಹಾರ್ನು ಕಟ್ಟಿದ. ಎಮ್ಮೆಯನ್ನು ಹೊರಗೆ ಕಟ್ಟಿ, ಕೊಟ್ಟಿಗೆ ಸಾರಿಸಿ, ಬಾಗಿಲಿಗೆ ಕೆಂಪು ಪರದೆ ಇಳಿಬಿಟ್ಟು ಅದನ್ನೇ ರಂಗಮಂದಿರ ಮಾಡಿದರು.

“ಹಾಲು ಕೊಡೋ ಎಮ್ಮೀನ ಬಿಸಲಾಗ ಕಟ್ಟೀರಲ್ಲ, ನಿಮ್ಮ ನಾಟಕಕ್ಕಿಷ್ಟು!” ಎಂದು ತಾಯಿ ಹುಲಗಮ್ಮ ಮಗಳ ಮೇಲೇ ಹರಿಹಾಯ್ದಳು.

“ನಾ ಏನ್ ಮಾಡೀನಬೇ?”

“ಏನೂ ಮಾಡಿಲ್ಲಂತನ ಬೈಯಾಕತ್ತೀನಿ.”

ಅಷ್ಟರಲ್ಲಿ ಕಳಕಮ್ಮ ಮಗಳ ಮದುವೆಯ ಜರತಾರಿ ಸೀರೆಯುಟ್ಟು ಬಂದಳು. “ನಂದು ರಾಣಿ ಪಾರ್ಟು.”

“ಈ ನಾಟಕದಾಗ ರಾಣಿ ಇಲ್ಲ ಚಿಗವ್ವ!”

“ಇಲ್ದಿದ್ರ ಹಾಕು. ನಿರ್ದೇಶನ ಏನ್ ಕಲ್ತು ಬಂದೀ?”

ರೇಣುಕಾ ಹಲ್ಲು ಕಚ್ಚಿದಳು.

ಹತ್ತಕ್ಕೆ ಬರಬೇಕಾದ ಜೀಪು ಹನ್ನೆರಡೂವರೆಗೆ ಬಂತು. ಶಾಂತಕುಮಾರ ಇಳಿದವನೇ ಪರದೆ, ಹಾರ್ನು, ಎಂಟು ಹೆಂಗಸರು, ಒಬ್ಬ ರಾಣಿ ಎಲ್ಲವನ್ನೂ ನೋಡಿ ಕೈಮುಗಿದ. “ಹಳ್ಳ್ಯಾಗ ಇಷ್ಟು ದೊಡ್ಡ ತಂಡ! ನಾನರ ನೀವೊಬ್ರ ಇರ್ತೀರಿ ಅನ್ಕೊಂಡಿದ್ದೆ.”

“ಒಬ್ಬಾಕೀನ ಅದೀನ್ರೀ...” ಎಂದು ರೇಣುಕಾ ಶುರು ಮಾಡುವಷ್ಟರಲ್ಲಿ ಕಳಕಮ್ಮ ನಡುವೆ ಬಂದು, “ದಿನಾ ಮುಂಜಾನೆ ಕಲಿಸ್ತಾಳ್ರಿ ಸಾಹೇಬ್ರ, ಭಾಳ ಕಡಕ್ ಅದಾಳ” ಎಂದಳು.

ರೇಣುಕಾಳನ್ನು ಪರದೆಯ ಮುಂದೆ ನಿಲ್ಲಿಸಿ ಕೈಗೆ ಮೈಕು ಕೊಟ್ಟರು. ‘ಈ ತರಬೇತಿ ನನ್ನ ಬದುಕನ್ನೇ ಬದಲಾಯಿಸಿತು’ ಎಂದು ನಗುತ್ತ ಹೇಳಬೇಕು. ಮೊದಲ ಸಲ ಹಾರ್ನು ಸಿಳ್ಳೆ ಹಾಕಿತು. ಎರಡನೇ ಸಲ ‘ಬದಲಾಯಿಸಿತು’ ಎನ್ನುವ ಮೊದಲೇ ಎಮ್ಮೆ ಕೂಗಿತು. ಮೂರನೇ ಸಲ ರಾಣಿ ಕ್ಯಾಮೆರಾಕ್ಕೆ ಅಡ್ಡ ಬಂದಳು. ನಾಲ್ಕನೇ ಸಲ ನಗುವೇ ಬರಲಿಲ್ಲ.

ಶಾಂತಕುಮಾರ ಗಡಿಯಾರ ನೋಡಿಕೊಂಡ. “ಏನ್ರೀ ಇದು! ಒಂದು ವರ್ಷ ಕಲಿಸೀವಿ, ಒಂದು ಮಾತು ನೆಟ್ಟಗ ಹೇಳಾಕ ಬರಂಗಿಲ್ಲೇನು?”

ರೇಣುಕಾಳ ಕಣ್ಣು ಕೆಂಡವಾದವು.

“ಯಾವ ಬದುಕು ಬದಲಾಗೇತ್ರಿ?” ಎಂದಳು. ಮೈಕು ಚಾಲೂ ಇತ್ತು. “ಕಡೇ ದಿನ ಸರ್ಟಿಫಿಕೇಟ್ ಕೊಟ್ರಿ, ಫೋಟೋ ಹೊಡಕೊಂಡ್ರಿ, ಬಸ್ ಹತ್ತಿಸಿದ್ರಿ. ಆಮ್ಯಾಲ ಇದ್ದೀಯೋ ಸತ್ತೀಯೋ ಅಂತ ಒಬ್ರರ ಕೇಳೀರೇನು? ಸೊಳ್ಳಿ ಆದೆ, ಅಂಗಡಿ ಗೊಂಬಿ ಆದೆ. ಒಂದ ಒಂದು ದಿನ ನಟಿ ಆಗ್ಲಿಲ್ಲ. ಇದು ರಂಗಮಂದಿರ ಅಲ್ರಿ, ಎಮ್ಮಿ ಕೊಟ್ಟಿಗಿ! ಇವ್ರು ನನ್ನ ತಂಡ ಅಲ್ಲ, ಬಾಜೂ ಮನಿಯವ್ರು! ನನಗ ಕೆಲಸ ಇಲ್ಲ! ಕೇಳಿಸ್ತೇನ್ರಿ? ಕೆಲಸ ಇಲ್ಲ!”

ಬೇವಿನ ಗಿಡದ ಹಾರ್ನು ಆ ಮಾತನ್ನು ಬಸ್‌ಸ್ಟ್ಯಾಂಡಿನವರೆಗೂ ಮುಟ್ಟಿಸಿತು. ರೇಣುಕಾಳಿಗೆ ಒಳಗೆಲ್ಲ ಹಗುರವಾಯಿತು. ದನಿ ಹೊಕ್ಕಳಿಂದ ಬರಬೇಕೆಂದು ಗುರುಗಳು ವರ್ಷವಿಡೀ ಬಡಕೊಂಡಿದ್ದರು. ಅದು ಇವತ್ತು ಬಂದಿತ್ತು.

ಶಾಂತಕುಮಾರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಚಪ್ಪಾಳೆ ತಟ್ಟಿದ.

“ಅದ್ಭುತ! ನಿರುದ್ಯೋಗಿ ಕಲಾವಿದೆ ಪಾತ್ರ! ಎಂಥಾ ಅಭಿನಯ, ಎಂಥಾ ಸಿಟ್ಟು! ಇದನ್ನ ಹಾಕೋಣ.”

ಎಂಟು ಹೆಂಗಸರೂ ಚಪ್ಪಾಳೆ ಹೊಡೆದರು. “ನಾನೂ ಖರೇ ಅಂತ ತಿಳದಿದ್ದೆ ನೋಡು,” ಎಂದು ಕಳಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು.

“ಪಾತ್ರ ಅಲ್ರಿ ಸರ್, ಖರೇನ ಹೇಳಾಕತ್ತೀನಿ!”

“ಸಾಕ್ರಿ, ಇನ್ನ ಪಾತ್ರದಿಂದ ಹೊರಗ ಬರ್ರಿ.” ಶಾಂತಕುಮಾರ ಜೀಪಿನಿಂದ ಒಂದು ಫೈಲು ತಂದ. “ಇನ್ನೊಂದು ಸಣ್ಣ ಮಾತು. ಕೇಂದ್ರದಿಂದ ಕಾಯಂ ನಾಟಕ ತಂಡ ಕಟ್ಟಾಕತ್ತೀವಿ. ತಿಂಗಳಾ ಪಗಾರ, ವರ್ಷಪೂರ್ತಿ ನಾಟಕ. ಕೆಲಸ ಇಲ್ಲದವರಿಗಷ್ಟ. ಇದರಾಗ ನಿಮ್ಮ ಹೆಸರ ಮೊದಲಿತ್ತು. ನೀವು ಫಾರ್ಮಿನಾಗ ‘ಹೌದು’ ಅಂದಿದ್ರೂ ನನಗ ಅನುಮಾನ ಇತ್ತು, ಅದಕ್ಕ ಕಣ್ಣಾರೆ ನೋಡಿ ಹೋಗೋಣಂತ ಬಂದೆ. ನಿಮ್ದು ಇಷ್ಟು ಛಲೋ ನಡದೈತಿ ಅಂದ ಮ್ಯಾಲ ಬ್ಯಾರೇ ಯಾರಿಗರ ಕೊಡೋಣ, ಹೌದಲ್ಲ?”

ಪೆನ್ನು ತೆಗೆದು ಅವಳ ಹೆಸರಿನ ಮೇಲೆ ನೀಟಾಗಿ ಗೆರೆ ಎಳೆದ.

ರೇಣುಕಾ ಮೈಕು ನೆಲಕ್ಕೆ ಅಪ್ಪಳಿಸಿದಳು. “ನನಗ ಕೆಲಸ ಇಲ್ರೀ ಸರ್! ದೇವರಾಣಿ ಇಲ್ಲ!”

ಶಾಂತಕುಮಾರ ಮೆಚ್ಚುಗೆಯಿಂದ ತಲೆದೂಗಿ ಕ್ಯಾಮೆರಾದವನ ಕಡೆ ತಿರುಗಿದ.

“ನೋಡಿದ್ಯಾ? ಇನ್ನೂ ಪಾತ್ರದಾಗ ಅದಾರ. ಅದನ್ನೂ ತಗೋ.”