ಯಾವ ಊರಿಗೆ ಯಾವ ಇಂಟರ್ನೆಟ್ಟು

ಕಂಪ್ಯೂಟರ್ ಮುಂದೆ ಮನುಷ್ಯ ಬಂದು ಕೂತ ಅಂದರೆ ಏನಾದರೊಂದು ಆಗೇ ಆಗುತ್ತದೆ. ಅದನ್ನು ನೋಡಿ ನಗಬೇಕೋ ಸುಮ್ಮನಿರಬೇಕೋ ತಿಳಿಯದೆ ಪಕ್ಕದಲ್ಲಿ ನಿಂತುಕೊಳ್ಳುವುದು ಯಾವಾಗಲೂ ನನ್ನ ಪಾಲಿಗೇ ಬಂದಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ದಾಂಡೇಲಿಯ ಸಾಹುಕಾರರೊಬ್ಬರು ನಮ್ಮ ಕಡೆಯ ನಾಲ್ಕು ಊರುಗಳಲ್ಲಿ ಇಂಟರ್ನೆಟ್ ಸೆಂಟರ್ ತೆರೆದರು. ನಾಲ್ಕಕ್ಕೂ ಬಸ್ಸಿನಲ್ಲಿ ತಿರುಗಿ ಯಂತ್ರ ನೋಡಿಕೊಳ್ಳುವುದು, ಬಂದವರಿಗೆ ಕಲಿಸುವುದು ನನ್ನ ಕೆಲಸ. ಸಾಹುಕಾರರು ಯಾವುದೋ ಪತ್ರಿಕೆಯಲ್ಲಿ ಪ್ರಪಂಚದ ನಕ್ಷೆ ನೋಡಿದ್ದರು. ಯಾವ ಖಂಡದ ಜನ ಇಂಟರ್ನೆಟ್ಟಿನಲ್ಲಿ ಏನು ಹೆಚ್ಚು ಮಾಡುತ್ತಾರೆ ಅಂತ ಬಣ್ಣ ಹಚ್ಚಿದ ನಕ್ಷೆ. ಒಂದು ಕಡೆ ಮೇಲ್, ಒಂದು ಕಡೆ ಆಟ, ಮತ್ತೊಂದು ಕಡೆ ಹಾಡು.

"ಹಂಗ ನಮ್ಮ ನಾಲ್ಕೂರಾಗ ಮಂದಿ ಏನು ಮಾಡ್ತಾರ, ನೋಡಿ ಹೇಳವಾ" ಅಂದರು.

"ಖಂಡಕ್ಕ ಖಂಡ ಬ್ಯಾರೆ ಇರಬಹುದ್ರಿ. ದಾಂಡೇಲಿಗೂ ಹಳಿಯಾಳಕ್ಕೂ ಏನು ಫರಕ ಇರತೈತಿ?"

"ನೀರು ಬ್ಯಾರೆ ಐತಲ್ಲ" ಅಂದರು ಸಾಹುಕಾರರು.

ದಾಂಡೇಲಿಯ ಕ್ಯಾಮೆರಾ

ದಾಂಡೇಲಿಯಲ್ಲಿ ಎಲ್ಲರಿಗೂ ಕ್ಯಾಮೆರಾ ಬೇಕು. ಮಿಲ್ಲಿನ ಊರು, ಮನೆಗೊಬ್ಬರಾದರೂ ಹೊರದೇಶಕ್ಕೆ ದುಡಿಯಲು ಹೋದವರು ಇರುತ್ತಿದ್ದರು.

ಕಾಗದದ ಮಿಲ್ಲಿನಿಂದ ನಿವೃತ್ತರಾದ ಒಬ್ಬರು ಪ್ರತಿ ಶುಕ್ರವಾರ ಬರುತ್ತಿದ್ದರು. ಮಗಳು ಮಸ್ಕತ್ತಿನಲ್ಲಿ, ಚೊಚ್ಚಲ ಬಸುರಿ. ಇವರಿಗೆ ಹುಬ್ಬಳ್ಳಿಯಲ್ಲಿ ಕ್ಯಾನ್ಸರಿನ ಔಷಧ ನಡೆದಿತ್ತು, ತಲೆಯ ಕೂದಲೆಲ್ಲ ಉದುರಿತ್ತು. ಮಗಳಿಗೆ ಹೇಳಿರಲಿಲ್ಲ. ಬಾಗಿಲಲ್ಲೇ ಕಿಸೆಯಿಂದ ಮಂಕಿ ಟೋಪಿ ತೆಗೆದು ಹಾಕಿಕೊಂಡು ಬಂದು ಕೂಡುತ್ತಿದ್ದರು.

"ಬ್ಯಾಸಿಗ್ಯಾಗ ಯಾಕಪಾ ಟೋಪಿ?" ಮಗಳು ಕೇಳಿದಳು.

"ಈ ವರ್ಷ ಇಲ್ಲಿ ಥಂಡಿ ಭಾಳವಾ. ದಾಂಡೇಲಿ ಊಟಿ ಆಗೇತಿ."

ಮಗಳು ನಂಬಿದಳು. ಊರಿಗೆ ಬರುವವರೊಬ್ಬರ ಕೈಯಲ್ಲಿ ದಪ್ಪನೆಯ ಸ್ವೆಟರ್ ಕಳಿಸಿದಳು. ಮುಂದಿನ ಶುಕ್ರವಾರ ಉರಿಬಿಸಿಲಲ್ಲಿ ಅದನ್ನೂ ಹಾಕಿಕೊಂಡು ಬಂದರು. ನಾನು ಫ್ಯಾನ್ ಹಾಕಲು ಹೋದರೆ ಕೈ ಹಿಡಿದು, "ಬ್ಯಾಡ್ರಿ, ಆಕಿಗೆ ಸಪ್ಪಳ ಕೇಳತೈತಿ" ಅಂದರು.

ಕೂಸು ಹುಟ್ಟಿದ ಮೇಲೆ ಮಗಳು ಅದನ್ನು ಕ್ಯಾಮೆರಾ ಮುಂದೆ ಹಿಡಿದು ತೋರಿಸಿದಳು. ಕೂಸಿನ ತಲೆಯಲ್ಲಿ ಒಂದೆಳೆ ಕೂದಲಿಲ್ಲ. "ನೋಡಪಾ, ಯಾರ ಹಂಗ ಅದಾನ?"

ಇವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಟೋಪಿ ತೆಗೆದು, "ನನ್ನಂಗ" ಅಂದರು.

ಹಳಿಯಾಳದ ಫೋಟೋ

ಹಳಿಯಾಳದಲ್ಲಿ ಮಾತೂ ಇಲ್ಲ, ಕ್ಯಾಮೆರಾನೂ ಇಲ್ಲ. ಅಲ್ಲಿಯವರಿಗೆ ಬೇಕಾದದ್ದು ಗಂಡು-ಹೆಣ್ಣು ಕೂಡಿಸುವ ವೆಬ್‌ಸೈಟು.

ಬಟ್ಟೆ ವ್ಯಾಪಾರ ಮಾಡುವ ಅಣ್ಣನೊಬ್ಬ ತಂಗಿಯನ್ನು ಕರೆದುಕೊಂಡು ಬಂದಿದ್ದ. ತಂಗಿಯ ಒಂದು ಗಲ್ಲದ ಮೇಲೆ ಸಣ್ಣವಳಿದ್ದಾಗ ಸುಟ್ಟ ಕಲೆ. ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ಹೇಳಿ ಕಳಿಸ್ತೇವೆ ಅಂತ ಹೋಗಿದ್ದರಂತೆ.

ಗದಗಿನ ಕಡೆಯ ಒಬ್ಬ ವರನ ಫೋಟೋ ತೆರೆಯಲು ಮೌಸ್ ಒತ್ತಿದೆ. ಆಗಿನ ಇಂಟರ್ನೆಟ್ಟಿನಲ್ಲಿ ಫೋಟೋ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಕೂದಲು ಬಂತು. "ಕ್ರಾಪು ಚಲೋ ಐತಿ" ಅಂದ ಅಣ್ಣ. ಹಣೆ ಬಂತು, ಅದರ ಮೇಲೆ ವಿಭೂತಿ. "ಹಾಂ, ನಮ್ಮವರ." ಹುಬ್ಬಿನ ತನಕ ಇಳಿದು ಫೋಟೋ ನಿಂತಿತು. ಲೈನ್ ಹೋಗಿತ್ತು.

"ನಾಳೆ ಬರೂಣು, ಪೂರಾ ನೋಡೂಣು" ಅಂತ ಅಣ್ಣ ಎದ್ದ. ತಂಗಿ ಏಳಲಿಲ್ಲ.

"ಸಾಕು ಬಿಡಣ್ಣಾ. ನನ್ನ ಪೂರಾ ನೋಡಿದವರು ಎಲ್ಲಾರೂ ಒಲ್ಲೆ ಅಂದ್ರು. ನಾ ಹಣಿ ನೋಡೇ ಹೂಂ ಅಂತೇನಿ."

ಮುಂಡಗೋಡದ ಮಾತು

ಮುಂಡಗೋಡದಲ್ಲಿ ಕಿವಿಗೆ ಹಾಕುವ ಹೆಡ್‌ಫೋನು ಎಷ್ಟು ತಂದರೂ ಸಾಲುತ್ತಿರಲಿಲ್ಲ. ಅಲ್ಲಿನ ಟಿಬೆಟನ್ ನಿರಾಶ್ರಿತರ ಕ್ಯಾಂಪಿನವರಿಗೆ ಬೇಕಾದದ್ದು ಬರೀ ಮಾತು. ಅವರ ಬಳಗ ಒಂದೊಂದು ದೇಶದಲ್ಲಿ ಒಬ್ಬೊಬ್ಬರಂತೆ ಚದುರಿಹೋಗಿತ್ತು.

ಒಬ್ಬ ಅಜ್ಜಿ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಿ ಮಾರಿ ನಮ್ಮಂತೆಯೇ ಕನ್ನಡ ಕಲಿತಿದ್ದರು. ಅವರ ತಮ್ಮ ಸ್ವಿಟ್ಜರ್ಲೆಂಡಿನಲ್ಲಿ ಸಿಕ್ಕಿದ. ಸಣ್ಣವರಿದ್ದಾಗ ಇಬ್ಬರೂ ಹಿಮ ತುಳಿದು ಜೊತೆಯಲ್ಲೇ ಬಂದವರು, ಆಮೇಲೆ ಅಗಲಿದವರು. ಹೆಡ್‌ಫೋನ್ ಹಾಕಿ ಕೂಡಿಸಿದೆ. ಇಲ್ಲಿ ಆಡಿದ್ದು ಅಲ್ಲಿಗೆ ಮುಟ್ಟಲು ತಡವಾಗುತ್ತಿತ್ತು.

"ಯಾಕ ಸುಮ್ಮನಾದ?" ಅಜ್ಜಿ ಕೇಳಿದರು.

"ಭಾಳ ದೂರ ಐತಲ್ರಿ ಅಜ್ಜಿ, ತಡ ಆಗತೈತಿ."

"ದೂರ ಅಂದ್ರ ಏನಂತ ನನಗ ಹೇಳ್ತಿ? ನಾ ನಡ್ಕೊಂಡು ಬಂದಾಕಿ."

ಆಮೇಲೆ ಅವರ ಭಾಷೆಯಲ್ಲಿ ಮಾತು ಶುರುವಾಯಿತು. ಮೊದಲು ಇಬ್ಬರೂ ಅತ್ತರು. ಸ್ವಲ್ಪ ಹೊತ್ತಿಗೆ ಅಜ್ಜಿಯ ದನಿ ಏರಿತು. ನನಗೆ ಗಾಬರಿಯಾಗಿ ಏನಾಯಿತು ಅಂತ ಕೇಳಿದೆ.

"ದಾರ್‍ಯಾಗ ತಿನ್ನಾಕ ಅವ್ವ ಒಣಗಿಸಿದ ಹಾಲಿನ ಗಿಣ್ಣ ಕೊಟ್ಟಿದ್ಲು. ದೊಡ್ಡ ತುಂಡು ನೀ ತಿಂದಿ ಅಂತಾನ ನನಗ. ಇವನ ತಿಂದಾಂವ. ಈಗ ಕೇಳೂಣು ಅಂದ್ರ ಅವ್ವ ಇಲ್ಲ."

ಕಣ್ಣೊರೆಸಿಕೊಂಡು ಅಜ್ಜಿ ಮತ್ತೆ ಜಗಳಕ್ಕೆ ಕೂತರು.

ಜೊಯಿಡಾದ ಹುಡುಕಾಟ

ಜೊಯಿಡಾದಲ್ಲಿ ಲೈನ್ ಬರುವುದೇ ಅಪರೂಪ. ಬಂದ ದಿನ ಬಸ್ ಇರುತ್ತಿರಲಿಲ್ಲ, ಬಸ್ ಇದ್ದ ದಿನ ಲೈನ್ ಇರುತ್ತಿರಲಿಲ್ಲ. ಎರಡೂ ಕೂಡಿದ ಒಂದು ದಿನ ಕುಂಬಾರವಾಡದ ಕಡೆಯ ರೈತನೊಬ್ಬ ಬಂದ. ಮನೆಮಾತು ಕೊಂಕಣಿ, ಕನ್ನಡ ತಡೆದು ತಡೆದು ಆಡುತ್ತಿದ್ದ.

"ಇದರಾಗ ಜಗತ್ತ ಐತಂತ. ನನ್ನ ತಮ್ಮನ ಹುಡುಕಿ ಕೊಡ್ರಿ."

ತಮ್ಮ ಗೋವಾಕ್ಕೆ ಕೆಲಸಕ್ಕೆ ಹೋದವ. ಅಲ್ಲಿಂದ ಹಡಗು ಹತ್ತಿದ ಅಂತ ಯಾರೋ ಹೇಳಿದ್ದು ಬಿಟ್ಟರೆ ವರ್ಷಗಟ್ಟಲೆ ಸುದ್ದಿಯಿಲ್ಲ. ಹೆಸರು ಹಾಕಿ ಹುಡುಕಿದೆ. ಅದೇ ಹೆಸರಿನವರು ಊರೂರಲ್ಲಿ ಇದ್ದರು. ಒಬ್ಬೊಬ್ಬರ ಫೋಟೋ ಬಂದಾಗಲೂ ಆತ ಮುಂದೆ ಬಾಗಿ ನೋಡಿ, "ಇವ ಅಲ್ಲ" ಅಂತ ಹಿಂದೆ ಸರಿಯುತ್ತಿದ್ದ. ಕಡೆಗೆ ಫೋಟೋ ಇಲ್ಲದವನೊಬ್ಬ ಉಳಿದ. ಮಾರಿಷಸ್ಸಿನಲ್ಲಿ ಶಾಲಾ ಮಾಸ್ತರ. ಮೇಲ್ ವಿಳಾಸ ಇತ್ತು. ನೀವು ಇವರ ತಮ್ಮನೇನು, ತಾಯಿ ದಾರಿ ಕಾಯುತ್ತಿದ್ದಾಳೆ ಅಂತ ಇಂಗ್ಲಿಷಿನಲ್ಲಿ ಬರೆದೆ.

ಆತ ಊಟ ಮುಗಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. "ಕ್ಷಮಿಸಿ, ನಾನು ನಿಮ್ಮ ತಮ್ಮನಲ್ಲ. ನನ್ನ ಮುತ್ತಜ್ಜ ಆ ಕಡೆಯಿಂದ ಹಡಗು ಹತ್ತಿ ಬಂದವರಂತೆ, ನಾನು ಭಾರತ ನೋಡಿಲ್ಲ. ನಿಮ್ಮ ತಮ್ಮ ಸಿಗಲಿ. ನಿಮ್ಮ ತಾಯಿ ಹೇಗಿದ್ದಾರೆ?"

ಓದಿ ಹೇಳಿದೆ. ಆತ ಕಡೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡು ಬಸ್ಸಿಗೆ ಹೋದ.

ಮುಂದಿನ ವಾರ ತಾಯಿಯನ್ನೇ ಕರೆದುಕೊಂಡು ಬಂದ. ಕಣ್ಣು ಮಂಜಾದ ಮುದುಕಿ, ಕಂಪ್ಯೂಟರಿನ ಕಡೆ ಕಿವಿ ಕೊಟ್ಟು ಕೂತಳು. ನಾನು ಓದಿದೆ, ಮಗ ಕೊಂಕಣಿಯಲ್ಲಿ ಹೇಳಿದ. ಮುದುಕಿ ಏನೋ ಕೇಳಿದಳು.

"ಯಾವಾಗ ಬರೆದ್ರಿ, ಯಾವಾಗ ಉತ್ತರ ಬಂತು ಅಂತ ಕೇಳಾಕತ್ತಾಳ್ರಿ" ಅಂದ ಮಗ.

"ಊಟ ಮಾಡೂದ್ರಾಗ ಬಂತು ಅನ್ನು."

ಮುದುಕಿ ತಲೆ ಅಲ್ಲಾಡಿಸಿದಳು. ಮಗ ನಗು ತಡೆದು ಕನ್ನಡಕ್ಕೆ ತಂದ: "ಹಂಗಾರ ಖರೇನೂ ನನ್ನ ಮಗ ಅಲ್ಲ ಅಂತಾಳ್ರಿ. ಅವನ್ನ ಮುಂಜಾನೆ ಕರೆದ್ರ ಸಂಜೀಕ ಓ ಅಂತಿದ್ನಂತ."

ಮೂವರೂ ನಕ್ಕೆವು. ನಗುತ್ತಲೇ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿ ಹೇಗಿದ್ದಾಳೆ ಅಂತ ಕೇಳಿದ್ದಾನಲ್ಲ, ಚಲೋ ಇದ್ದಾಳೆ ಅಂತ ಬರೆಯಿರಿ ಅಂದಳು. ಬರೆದೆ. ಕಳಿಸಬೇಕು ಅನ್ನುವಾಗ ಮಗನ ತೋಳು ಹಿಡಿದು ಮತ್ತೇನೋ ಹೇಳಿದಳು. ಆತ ನನ್ನ ಕಡೆ ತಿರುಗಿದ.

"ಇನ್ನೊಂದು ಮಾತು ಸೇರಿಸಬೇಕಂತ್ರಿ. ಮುಂದಿನ ಸಲ ಇಷ್ಟು ಲಗೂ ಉತ್ತರ ಕೊಡಬ್ಯಾಡ. ತಡ ಮಾಡಿ ಕೊಟ್ರ, ನಮ್ಮವನ ಬರದಾನ ಅಂತ ತಿಳ್ಕೋತಾಳಂತ."