ರ‍್ಯಾಪ್ ಜಗಳಕ್ಕೊಂದು ರಾಜಿ ಪಂಚಾಯಿತಿ

ಇಬ್ಬರು ಜಗಳವಾಡುವುದನ್ನು ನೋಡಿಕೊಂಡು ಸುಮ್ಮನಿರುವ ಶಕ್ತಿ ನನಗಿಲ್ಲ. ಇದನ್ನು ಬಹುಕಾಲ ಸದ್ಗುಣವೆಂದೇ ನಂಬಿದ್ದೆ. ನನ್ನ ಗಂಡ ಮಾತ್ರ ಚಟವೆನ್ನುತ್ತಾರೆ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಅಕ್ಕಪಕ್ಕದ ಎರಡು ಮನೆಗಳವರು ಕಾಂಪೌಂಡಿನ ಮೇಲೆ ಬಾಗಿದ ಒಂದು ನುಗ್ಗೆಮರಕ್ಕಾಗಿ ಮಾತು ಬಿಟ್ಟಿದ್ದರು. ನಾನು ನಡುವೆ ಹೋಗಿ, ಇಬ್ಬರನ್ನೂ ಕೂರಿಸಿ, ಕಾಫಿ ಕೊಟ್ಟು ಒಂದು ಮಾಡಿದೆ. ಈಗ ಅವರಿಬ್ಬರೂ ಬಹಳ ಅನ್ಯೋನ್ಯವಾಗಿದ್ದಾರೆ. ನನ್ನೊಡನೆ ಮಾತಾಡುವುದಿಲ್ಲ. ಅಥವಾ ಮರ ಕಡಿಸಿದ್ದೇ ಮೊದಲೋ, ನನ್ನ ಕಾಫಿ ಆಮೇಲಿನದೋ? ಈಗ ಸರಿಯಾಗಿ ಹೇಳಲಾರೆ. ನೆನಪು ಇಂಥದ್ದನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಕೊಳ್ಳುತ್ತದೆ. ನನ್ನದಂತೂ ಸದಾ ನನ್ನ ಪರವಾಗಿಯೇ ಜೋಡಿಸುತ್ತದೆ. ಆದ್ದರಿಂದ ಮುಂದಿನದನ್ನೂ ನೀವು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ಇದಕ್ಕೆಲ್ಲ ಕಾರಣ ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ ನಾಗರಾಜು. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಬಂದವರು, "ಮೇಡಂ, ಈ ಸಲ ಯೂತ್ಸ್‌ಗೆ ಏನಾದ್ರೂ ಇರ್ಲಿ. ನಮ್ಮ ಏರಿಯಾದ ಹಿಪ್ ಹಾಪ್ ಚರಿತ್ರೆ ಬರ್ಕೊಡಿ" ಎಂದರು. ನನಗೆ ಹಿಪ್ ಹಾಪ್ ಏನು ಗೊತ್ತು ಎಂದೆ. "ಪರವಾಗಿಲ್ಲ ಮೇಡಂ. ನಿಮ್ಮ ಕಥೆನೂ ಯಾರಿಗೂ ಅರ್ಥ ಆಗಲ್ಲ, ಅದೂ ಆಗಲ್ಲ. ಸರಿಹೋಗುತ್ತೆ" ಎಂದರು. ಈ ಮಾತಿಗೆ ಹಿನ್ನೆಲೆಯಿದೆ. ಹಿಂದೊಮ್ಮೆ ಅವರ ಸಂಚಿಕೆಗೆ ನಾನು ಪೂರ್ಣವಿರಾಮವೇ ಇಲ್ಲದ ಕಥೆಯೊಂದನ್ನು ಕೊಟ್ಟಿದ್ದೆ. ಪಾಪ, ನಾನು ಮರೆತಿರಬೇಕೆಂದು ಅವರೇ ರಾತ್ರಿಯೆಲ್ಲ ಕೂತು ಅಲ್ಲಲ್ಲಿ ಪೂರ್ಣವಿರಾಮ ಹಾಕಿ ಅಚ್ಚು ಮಾಡಿಸಿದ್ದರು. ಓದಿದವರೆಲ್ಲ ಈ ಸಲ ಚೆನ್ನಾಗಿದೆ ಎಂದರು.

ಹಿಪ್ ಹಾಪ್ ಹುಡುಕಿಕೊಂಡು ನಾನು ದೂರ ಹೋಗಬೇಕಿರಲಿಲ್ಲ. ಅದು ನಮ್ಮ ತಾರಸಿಯ ಮೇಲೆಯೇ ಬಾಡಿಗೆಗಿತ್ತು. ಮೇಲಿನ ಒಂಟಿ ಕೋಣೆಯಲ್ಲಿರುವ ಬಸವರಾಜ ಗದಗದ ಕಡೆಯವನು. ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವುದು ಅವನ ಕೆಲಸ. ಉಳಿದ ಹೊತ್ತು ಅವನು 'ಕೆಂಪಿಂಡಿ' ಎಂಬ ಹೆಸರಿನ ರ‍್ಯಾಪ್ ಗಾಯಕ. ರೊಟ್ಟಿಯ ಜೊತೆ ನೆಂಚಿಕೊಳ್ಳುವ ಅವರೂರಿನ ಕೆಂಪು ಮೆಣಸಿನಕಾಯಿ ಚಟ್ನಿಯ ಹೆಸರದು. ನಾನು ಮೆಟ್ಟಿಲು ಹತ್ತಿ ಹೋಗಿ ಚರಿತ್ರೆ ಕೇಳಿದಾಗ ಅವನು ಗಾಬರಿಯಿಂದ ಎದ್ದು, ಬಾಡಿಗೆ ಕೇಳಲು ಬಂದಿಲ್ಲವೆಂದು ಖಚಿತವಾದ ಮೇಲೆ ಕೂತ.

"ಅಮೆರಿಕಾದಾಗ ಬ್ರಾಂಕ್ಸ್ ಅಂತ ಐತ್ರಿ ಆಂಟಿ. ಬಡವ್ರ ಓಣಿ. ಹಾಲ್ ಇಲ್ಲ, ರೊಕ್ಕ ಇಲ್ಲ. ಬೀದಿ ಕಂಬದಾಗಿಂದ ಕರೆಂಟ್ ಎಳಕೊಂಡು ಎರಡು ರೆಕಾರ್ಡ್ ಪ್ಲೇಯರ್ ಹಚ್ಚವ್ರು. ಹಾಡಿನಾಗ ಕುಣಿಯೋ ತುಣುಕು ಬರ್ತೈತಲ್ರಿ, ಅದನ್ನಷ್ಟ ಮತ್ತ ಮತ್ತ ತಿರುಗಿಸೂದು. ಅದರ ಮ್ಯಾಲ ಒಬ್ಬಾಂವ ಮೈಕ್ ಹಿಡದು ಮಾತ್ ಜೋಡಸಾಂವ. ಹಿಂಗ ಶುರುವಾತ್ರಿ."

ಕಂಬದ ಭಾಗ ನನಗೆ ತಕ್ಷಣ ಅರ್ಥವಾಯಿತು. ನಮ್ಮ ರಸ್ತೆಯ ಗಣೇಶನೂ ವರ್ಷಕ್ಕೊಮ್ಮೆ ಹಾಗೆಯೇ ಬೆಳಗುತ್ತಾನೆ. ಉಳಿದದ್ದು ಮಂಜಾಗಿತ್ತು. ಗೋಡೆಯ ಮೇಲೆ ಚಿತ್ರ ಬರೆಯುವುದೂ ಹಿಪ್ ಹಾಪ್, ನೆಲದ ಮೇಲೆ ತಲೆಯೂರಿ ತಿರುಗುವುದೂ ಹಿಪ್ ಹಾಪ್, ಎದುರಾಳಿಯನ್ನು ಪ್ರಾಸಬದ್ಧವಾಗಿ ಬೈಯುವುದೂ ಹಿಪ್ ಹಾಪ್ ಎಂದ. ಹಾಗಿದ್ದರೆ ಯಾವುದು ಹಿಪ್ ಹಾಪ್ ಅಲ್ಲ ಎಂದು ಕೇಳಿದೆ. ಯೋಚಿಸಿ, "ಸೂಜಿ ಹಾಡ್ತಾಳಲ್ರಿ, ಅದು" ಎಂದ. ನಮ್ಮ ಕಡೆ ಇದು ಮೊದಲು ಎಲ್ಲಿ ಶುರುವಾಯಿತು ಎಂದರೆ, "ವಿಜಯನಗರ ಮೆಟ್ರೋ ಸ್ಟೇಷನ್ ಕೆಳಗ. ನನ್ನಿಂದ" ಎಂದ.

ಸೂಜಿಯನ್ನು ಹುಡುಕಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಅದೂ ರ‍್ಯಾಪ್ ಹೆಸರೇ, ನಿಜವಾದ ಹೆಸರು ರೇಖಾ. ಅಲ್ಲಿಯೇ ಹುಟ್ಟಿ ಬೆಳೆದವಳು, ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾಳೆ. ಬಸವರಾಜನ ಮಾತು ಹೇಳಿದ್ದೇ ತಡ, "ಅವನಾ? ಆಂಟಿ, ಅವ್ನು ಬೆಂಗ್ಳೂರ್ ಬಸ್ಸೇ ಹತ್ತಿರ್ಲಿಲ್ಲ, ನಾವ್ ಮಾಗಡಿ ರೋಡ್ ಬಸ್‌ಸ್ಟಾಪಲ್ಲಿ ಬಾಯಲ್ಲೇ ಬೀಟ್ ಹಾಕ್ಕೊಂಡ್ ಹಾಡ್ತಿದ್ವಿ. ಬರ್ಕೊಳಿ, ನಂದೇ ಫಸ್ಟು" ಎಂದಳು. ಬರೆದುಕೊಂಡೆ. ಇನ್ನೊಂದು ಸಲ ಹೋದಾಗ, ಬಸ್‌ಸ್ಟಾಪಿನ ಮಾತೇ ಇಲ್ಲ. ಹೊಲಿಗೆ ಮಿಷಿನ್ನಿನ ಸದ್ದಿಗೆ ತುಟಿಯೊಳಗೆ ಹಾಡಿಕೊಂಡದ್ದೇ ಆರಂಭವೆಂದಳು. ಬಸವರಾಜನೂ ಅಷ್ಟರಲ್ಲಿ ಮೆಟ್ರೋ ಬಿಟ್ಟು, ಊರಿಂದ ಬರುವ ರೈಲಿನ ಬೋಗಿಗೆ ಚರಿತ್ರೆಯನ್ನು ವರ್ಗಾಯಿಸಿದ್ದ. ನನಗೆ ಇದರಿಂದ ಸಂತೋಷವೇ ಆಯಿತು. ಒಂದೇ ರೀತಿ ಎರಡು ಸಲ ಹೇಳಿದ ನೆನಪನ್ನು ನಾನು ನಂಬುವುದಿಲ್ಲ. ನಾಗರಾಜು ಮಾತ್ರ ನನ್ನ ಕರಡು ನೋಡಿ, "ಇಸವಿ ಎಲ್ಲಿ ಮೇಡಂ? ಚರಿತ್ರೆ ಅಂದ್ಮೇಲೆ ಒಂದ್ ಇಸವಿನಾದ್ರೂ ಬೇಡ್ವಾ?" ಎಂದು ನೊಂದುಕೊಂಡರು.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಇವರಿಬ್ಬರೂ ರಾಜರಾಜೇಶ್ವರಿನಗರದ ಒಂದು ಹಾಲಿನಲ್ಲಿ ಎದುರುಬದುರು ನಿಂತು ಹಾಡುವ ಬ್ಯಾಟಲ್ ಇದೆಯೆಂದು ತಿಳಿಯಿತು. ಅದುವರೆಗೆ ಪಾರ್ಕಿನಲ್ಲಿ, ಮೆಟ್ರೋ ಕಂಬಗಳ ಕೆಳಗೆ ಹಾಡಿಕೊಂಡಿದ್ದವರಿಗೆ ಅದೇ ಮೊದಲ ದೊಡ್ಡ ವೇದಿಕೆ. ಹಾಡು ರೆಕಾರ್ಡ್ ಮಾಡಿಸುವವರು ಯಾರೋ ಕೇಳಲು ಬರುತ್ತಾರಂತೆ. ಅವರು ಒಪ್ಪಿದರೆ ಬಸವರಾಜ ಬೈಕು ಇಳಿಯಬಹುದು, ರೇಖಾ ಕಾಲರ್ ಬಿಡಬಹುದು. ಪೋಸ್ಟರಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತಿದ್ದರು. ನಾನು ಇವರ ಹಾಡುಗಳನ್ನು ಗಂಡನ ಫೋನಿನಲ್ಲಿ ಹಾಕಿಸಿಕೊಂಡು ಕೇಳಿದೆ. ರೇಖಾ ಹಾಡಿದ್ದಳು:

"ಖಾರ ನಾನು ಅಂತ ಊರೆಲ್ಲ ಸಾರ್ತಾನೆ,
ಪಾರ್ಸಲ್ ಬಿಚ್ಚಿದ್ರೆ ಬರೀ ನೀರ್ ಸಾರು ತಾನೆ!"

ಅದಕ್ಕೆ ಬಸವರಾಜನ ಉತ್ತರ:

"ಸೂಜಿ ಸೂಜಿ ಅಂತಿ, ದಾರ ಎಲ್ಲೈತಿ?
ನಿನ್ನ ಹಾಡಿನ ತುಂಬ ಬರೇ ತೂತ ಐತಿ!"

ದುಡಿದು ತಿನ್ನುವ ಎರಡು ಮಕ್ಕಳು, ಇಷ್ಟು ದ್ವೇಷ! ಬೈಗುಳವೂ ಒಂದು ಕಲೆಯೆಂದು ಬಸವರಾಜ ಹೇಳಿದ್ದನ್ನು ನಾನೇ ನನ್ನ ಕೈಯಾರೆ ಬರೆದುಕೊಂಡಿದ್ದೆ. ಆದರೆ ಬರೆದುಕೊಂಡದ್ದನ್ನು ನಂಬುವ ಅಭ್ಯಾಸ ಬರೆಯುವವರಿಗೆ ಇರುವುದಿಲ್ಲ. "ಅವರ ಪಾಡಿಗೆ ಬಿಡೇ" ಎಂದರು ನನ್ನ ಗಂಡ. ನಾನು ರವೆ ಹುರಿಯಲು ಹೋದೆ.

ಭಾನುವಾರ ಇಬ್ಬರನ್ನೂ ಮನೆಗೆ ಕರೆದೆ. ಉಪ್ಪಿಟ್ಟು, ಕೇಸರಿಬಾತ್ ಮಾಡಿದ್ದೆ. ಆ ದಿನ ನಾಗರಾಜು ತೆಗೆದ ಫೋಟೋದಲ್ಲಿ ಕೇಸರಿಬಾತ್ ಕಾಣುವುದಿಲ್ಲ, ಬಹುಶಃ ಮಾಡಬೇಕೆಂದುಕೊಂಡಿದ್ದೆನೇನೋ. ಇಬ್ಬರೂ ಸೋಫಾದ ತುದಿಯಲ್ಲಿ ವಧುಪರೀಕ್ಷೆಗೆ ಬಂದವರ ಹಾಗೆ ಕೂತಿದ್ದರು. ಸಿಟ್ಟು ಮನುಷ್ಯನನ್ನು ಹೇಗೆ ತಿನ್ನುತ್ತದೆಂದು ನಾನು ವಿವರಿಸಿದೆ. ಬಸವರಾಜ "ಹೌದ್ರಿ" ಎಂದ. ರೇಖಾ ತಟ್ಟೆ ನೋಡುತ್ತ "ಕರೆಕ್ಟ್ ಆಂಟಿ" ಎಂದಳು. ಕೈಕುಲುಕಿ ಎಂದೆ. ಕುಲುಕಿದರು. ಇಷ್ಟು ಸುಲಭದ ರಾಜಿ ನನ್ನ ಅನುಭವದಲ್ಲೇ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಸಾಕ್ಷಿಯಾಗಿ ಕರೆಸಿದ್ದ ನಾಗರಾಜು ಫೋಟೋ ತೆಗೆದು, 'ರ‍್ಯಾಪ್ ಕಲಾವಿದರ ವೈಮನಸ್ಯ ಸುಖಾಂತ್ಯ' ಎಂದು ಬರೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಅದು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು.

ಬುಧವಾರವೋ ಗುರುವಾರವೋ ಇಬ್ಬರೂ ಒಟ್ಟಿಗೇ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಏನ್ ಆಂಟಿ ಹಿಂಗ್ ಮಾಡ್ಬಿಟ್ರಿ?" ರೇಖಾಳ ಕಣ್ಣು ಕೆಂಪಾಗಿತ್ತು. "ಪ್ರೋಗ್ರಾಂ ಮಾಡ್ಸೋ ಅಣ್ಣ ಫೋನ್ ಮಾಡಿ ಬ್ಯಾಟಲ್ ಕ್ಯಾನ್ಸಲ್ ಅಂದ್ರು. 'ನೀವಿಬ್ರು ಅಣ್ಣ ತಂಗಿ ಥರ ಉಪ್ಪಿಟ್ಟು ತಿಂತಿದೀರ, ಯಾರ್ ಬರ್ತಾರೆ ನೋಡೋಕೆ' ಅಂತಾರೆ."

"ಹಾಗಾದರೆ ನೀವು... ನಿಜವಾಗಿ ಜಗಳ ಆಡಿರಲಿಲ್ಲವೇ?"

"ಜಗಳಾ?" ಬಸವರಾಜ ತಲೆ ಕೆರೆದುಕೊಂಡ. "ನನ್ನ ನೀರ್ ಸಾರು ಅಂದಳಲ್ರಿ, ಆ ಪ್ರಾಸ ನಾನ ಕೊಟ್ಟಿದ್ದು. ಆಕಿಗೆ ಸಿಗವಲ್ದಾಗಿತ್ತು. ಇಬ್ರೂ ಮ್ಯಾಲ ನಿಮ್ಮ ತಾರಸಿ ಮ್ಯಾಲನ ಕುಂತು ಬರದೀವ್ರಿ."

"ತೂತು ಅನ್ನೋದು ನಂದೇ ಐಡಿಯಾ" ಎಂದಳು ರೇಖಾ, ಅಷ್ಟು ದುಃಖದಲ್ಲೂ ಬಿಟ್ಟುಕೊಡದೆ.

"ಮತ್ತೆ ಆ ದಿನ ಬಾಯಿ ಬಿಟ್ಟು ಹೇಳಬಾರದಿತ್ತೇ?"

"ಓನರ್ ಆಂಟಿ ಕರದಾಗ ಹೆಂಗ್ ಒಲ್ಲೆ ಅನ್ಲಿರಿ? ನಾಳೆ ರೂಮ್ ಖಾಲಿ ಮಾಡು ಅಂದ್ರ?"

"ನಾನ್ ಬರಲ್ಲ ಅಂದಿದ್ದೆ" ಎಂದಳು ರೇಖಾ. "ಬಸ್ಯ ಕಾಲಿಗ್ ಬಿದ್ದ, ಅದಕ್ಕೇ ಬಂದೆ. ಥೂ, ಹೋಗೋ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ನನ್ನ ಮಾತಿಗೆ ಜನ ತಲೆಯಾಡಿಸುವುದು ಅದರ ತೂಕಕ್ಕೆಂದು ತಿಳಿದಿದ್ದೆ. ಈಗ ನೋಡಿದರೆ, ಬೀಗದ ಕೈ ನನ್ನ ಬಳಿ ಇದೆಯೆಂಬುದಕ್ಕೆ. ನುಗ್ಗೆಮರದವರು ಯಾಕೆ ತಲೆಯಾಡಿಸಿದ್ದರೋ, ಅದು ಇನ್ನೊಂದು ಗೊಂದಲ. ಹೇಗೆ ಸರಿಮಾಡಲಿ ಎಂದು ಕೇಳಿದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಮತ್ತೆ ಜಗಳ ಶುರುವಾಯಿತೆಂದರೆ ಈಗ ಯಾರೂ ನಂಬುವುದಿಲ್ಲವಂತೆ. ಹೊಸ ಶತ್ರು ಬೇಕಂತೆ. ಬಸವರಾಜ ನನ್ನ ಕಡೆ ನೋಡಿ, ನೆಲ ನೋಡಿ, "ತಪ್ಪ ತಿಳ್ಕೋಬ್ಯಾಡ್ರಿ ಆಂಟಿ, ನೀವ... ಒಪ್ಪಿದ್ರ..." ಎಂದ.

ಒಪ್ಪಿದೆ. ಬೈಗುಳಕ್ಕೆ ಮುಂಚೆ ಅನುಮತಿ ಪಡೆಯುವ ಕಲೆಯೂ ಹಿಪ್ ಹಾಪಿನಲ್ಲಿದೆಯೇ ಎಂದು ಕೇಳಿದೆ. "ಇಲ್ಲ ಆಂಟಿ, ಬಸ್ಯನ ರೂಮ್ ಅಡ್ವಾನ್ಸ್ ನಿಮ್ಮತ್ರ ಇದೆಯಲ್ಲ, ಅದಕ್ಕೆ" ಎಂದಳು ರೇಖಾ.

ಹೀಗಾಗಿ ಬ್ಯಾಟಲ್ ಉಳಿಯಿತು. ಹೊಸ ಪೋಸ್ಟರಿನಲ್ಲಿ ಇಬ್ಬರೂ ಒಂದು ಕಡೆ, ಎದುರಿಗೆ ಒಂದು ದೊಡ್ಡ ಗೇಟಿನ ಚಿತ್ರ. ಕಾರ್ಯಕ್ರಮದ ಸಂಜೆ ನಾನೂ ನನ್ನ ಗಂಡನೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಹಾಲ್ ತುಂಬಿತ್ತು. ಬಸವರಾಜ ಮೈಕು ಹಿಡಿದ:

"ಮ್ಯಾಲ ನಿಂತೀನಿ ಸೋಪು ಹಚ್ಚಿ ಮೈಗೆಲ್ಲಾ,
ನಳ ತಿರುವಿದ್ರ ಉಸ್ ಅಂತೈತಿ, ನೀರಿಲ್ಲಾ!"

ರೇಖಾ ಎತ್ತಿಕೊಂಡಳು:

"ಮೋಟಾರ್ ಸ್ವಿಚ್ಚು ಕೆಳಗೆ, ಬೀಗ ಬಾಗ್ಲಲ್ಲಿ,
ಓನರ್ ಆಂಟಿ ಬಿಜಿ ಊರೋರ್ ಜಗಳದಲ್ಲಿ!"

ಆಮೇಲೆ ಪಲ್ಲವಿ: "ಉಪ್ಪಿಟ್ಟು ಸಾಕು ಆಂಟಿ, ನೀರು ಬಿಡಿ ಆಂಟಿ!" ಎರಡನೆಯ ಸಲಕ್ಕೇ ಇಡೀ ಹಾಲ್ ಎದ್ದು ಕೂಗುತ್ತಿತ್ತು. ಅಲ್ಲಿದ್ದವರೆಲ್ಲರೂ ಎಲ್ಲೋ ಒಂದು ತಾರಸಿಯ ಕೆಳಗೋ ಮೇಲೋ ಬಾಡಿಗೆಗಿರುವವರೆಂದು ಆಗ ಹೊಳೆಯಿತು. ಪಕ್ಕಕ್ಕೆ ತಿರುಗಿದರೆ ನನ್ನ ಗಂಡನೂ ಕೂಗುತ್ತಿದ್ದರು. ನಾನು ಅವಮಾನಿತಳಾಗಬೇಕೋ, ಚಪ್ಪಾಳೆ ತಟ್ಟಬೇಕೋ ತಿಳಿಯದೆ, ಕೈಗಳನ್ನು ಹತ್ತಿರ ತಂದು ನಡುವೆಯೇ ನಿಲ್ಲಿಸಿದೆ. ನಮಸ್ಕಾರ ಮಾಡುತ್ತಿದ್ದಾಳೆಂದು ಯಾರೋ ಸಿಳ್ಳೆ ಹೊಡೆದರು. ರೆಕಾರ್ಡ್ ಮಾಡಿಸುವವರು ಇಬ್ಬರನ್ನೂ ಕರೆದು ಮಾತಾಡಿದರು. ಹಾಡು ಒಪ್ಪಿದರಂತೆ, ಜಗಳ ಮಾತ್ರ ಮುಂದುವರಿಯಬೇಕಂತೆ.

ಮಾರನೆಯ ಬೆಳಿಗ್ಗೆ ನಾಗರಾಜು ಗಂಭೀರ ಮುಖ ಹೊತ್ತು ಬಂದರು. "ಮೇಡಂ, ವಿಡಿಯೋ ನೋಡ್ದೆ. ಓನರ್‌ಗೂ ಬಾಡಿಗೆಯೋರಿಗೂ ಹಿಂಗಾಗ್ಬಾರ್ದು. ಭಾನುವಾರ ನಮ್ಮನೆಗೆ ಬನ್ನಿ, ಅವರನ್ನೂ ಕರೀತೀನಿ. ಕೂತು ಮಾತಾಡೋಣ. ನಮ್ಮನೆಯವ್ರು ಉಪ್ಪಿಟ್ಟು ಮಾಡ್ತಾರೆ."

"ಬೇಡ!" ಎಂದು ಕಿರುಚಿದೆ. "ನಾವು ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ದಯವಿಟ್ಟು ಮಧ್ಯೆ ಬರಬೇಡಿ." ಅವರು ಮರುಕದಿಂದ ನನ್ನನ್ನು ನೋಡಿದರು. ಸಿಟ್ಟು ಮನುಷ್ಯರನ್ನು ಹೇಗೆ ತಿನ್ನುತ್ತದೆಂದು ವಿವರಿಸತೊಡಗಿದರು. ನಾನು ಗೇಟು ಹಾಕಿಕೊಂಡೆ.

ಒಳಗೆ ಬಂದು ನಿಂತಾಗ ಮೇಲಿನಿಂದ ಬಕೆಟ್ಟಿನ ಸದ್ದು ಕೇಳಿಸಿತು. ಹಿಂದೆಯೇ ನಲ್ಲಿಯದು: ಉಸ್. ಹಾಡಿನ ಆ ಸಾಲು ಪ್ರಾಸಕ್ಕೆ ಹುಟ್ಟಿದ್ದೆಂದು ನಾನು ರಾತ್ರಿಯಿಡೀ ನನಗೇ ಹೇಳಿಕೊಂಡಿದ್ದೆ. ನನ್ನ ನೆನಪಿನ ಪ್ರಕಾರ ನಾನು ದಿನವೂ ಹೊತ್ತಿಗೆ ಸರಿಯಾಗಿ ಮೋಟಾರು ಹಾಕುವವಳು. ಆ ನೆನಪಿನ ಬಗ್ಗೆ ಆಗಲೇ ಹೇಳಿದ್ದೇನೆ. ರಾಜಿಯಾಯಿತೆಂಬ ಸುದ್ದಿ ಮತ್ತೆ ಹೊರಗೆ ಹೋದೀತೆಂದು ಬೆಕ್ಕಿನ ಹೆಜ್ಜೆಯಲ್ಲಿ ನಡೆದು, ಮೋಟಾರು ಕೋಣೆಯ ಬೀಗ ತೆಗೆದು, ಸದ್ದಾಗದಂತೆ ಸ್ವಿಚ್ಚು ಒತ್ತಿದೆ. ಮೋಟಾರು ಇಡೀ ಅಡ್ಡರಸ್ತೆಗೆ ಕೇಳುವ ಹಾಗೆ ಬಾಯಿ ಬಡಿದುಕೊಳ್ಳತೊಡಗಿತು.