ಲಿಂಗಸುಗೂರಿನ ಮ್ಯಾನೇಜರ್

ಎಲ್ಲ ರಾದ್ಧಾಂತಕ್ಕೂ ಕಾರಣ ಪೇಡೆ. ಶಿವರಂಜನಿ ತನ್ನ ಮೊದಲ ಸಂಬಳದಲ್ಲಿ ಪೇಡೆ ತಂದು, ಬೆಳಿಗ್ಗೆಯೇ ಮಸ್ಕಿಯ ಆ ಓಣಿಗೆಲ್ಲ ಹಂಚಿಬಿಟ್ಟಳು. ಸುಮ್ಮನೆ ಮನೆಯಲ್ಲೇ ತಿಂದಿದ್ದರೆ ಗಂಡ ಸಂಗನಬಸವನಿಗೆ ಆ ದಿನದ ಪಜೀತಿ ತಪ್ಪುತ್ತಿತ್ತು.

ಸಂಗನಬಸವ ಗೊಬ್ಬರದ ಅಂಗಡಿಯ ಗುಮಾಸ್ತ. ಹೆಂಡತಿಗೆ ಮನೆಯಲ್ಲೇ ಕೂತು ಟೈಪ್ ಮಾಡುವ ಕೆಲಸ ಕೊಟ್ಟ ಕಂಪನಿ ಬೇರೆ ಯಾವುದೂ ಅಲ್ಲ, ಅವನೇ. ಹೌದು ಮತ್ತೆ! ದೀಪಾವಳಿಗೆ ಮುಂಚೆ ಯಾರೋ ಕಳ್ಳರು ಡಾಟಾ ಎಂಟ್ರಿ ಕೆಲಸದ ಆಸೆ ತೋರಿಸಿ, ರಿಜಿಸ್ಟ್ರೇಷನ್ ಫೀ ಅಂತ ಅವಳು ಹೊಲಿಗೆಯಿಂದ ಕೂಡಿಸಿದ್ದನ್ನೆಲ್ಲ ನುಂಗಿ ನೀರು ಕುಡಿದಿದ್ದರು. ಆಮೇಲೆ ಅವಳು ಫೋನ್ ಮುಟ್ಟಲಿಲ್ಲ, ನಗಲಿಲ್ಲ. "ನಾ ಖರೇನ ದಡ್ಡಿ ಅದೀನಿ" ಎನ್ನುತ್ತ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಅದನ್ನು ಕಂಡು ಅವನ ಕರುಳು ಚುರ್ ಅಂದಿತು. ಹಳೆ ಫೋನಿಗೆ ಹೊಸ ಸಿಮ್ ಹಾಕಿಸಿ ತಾನೇ ಲಿಂಗಸುಗೂರಿನ ಮ್ಯಾನೇಜರ್ ಆದ. ಹಳೆ ಮದುವೆ ಕಾರ್ಡುಗಳ ಫೋಟೋ ಕಳಿಸುವುದು, ಗಂಡು ಹೆಣ್ಣಿನ ಹೆಸರು, ಊರು ಅವಳಿಂದ ಟೈಪ್ ಮಾಡಿಸುವುದು, ಗೆಳೆಯನ ಕೈಯಿಂದ ಸಂಬಳ ಹಾಕಿಸುವುದು. ನಗು ವಾಪಸು ಬಂತು. ಗುಟ್ಟು ರಟ್ಟಾದರೆ ಆ ನಗು ಮತ್ತೆ ಹೋದೀತೆಂದು ಅವನಿಗೆ ಒಳಗೊಳಗೇ ಪುಕುಪುಕು.

ಪಕ್ಕದ ಮನೆಯ ಬಾಬುಸಾಬ್ ರಿಟೈರಾದ ಕಂಡಕ್ಟರ್. ಟಿಕೆಟ್ ನೋಡದೆ ಹಡೆದ ತಾಯಿಯನ್ನೂ ನಂಬಿದವನಲ್ಲ. ಪೇಡೆ ಬಾಯಿಗೆ ಹಾಕಿಕೊಂಡವನೇ ಹೆಂಡತಿ ಮೆಹರಬಾನುವಿನ ಜೊತೆ ಇವರ ಅಂಗಳಕ್ಕೆ ಬಂದ.

"ಫೀ ಎಷ್ಟು ತಗೊಂಡಾರವಾ ರಂಜನಿ?"

"ಏನೂ ಇಲ್ಲ ಕಾಕಾ."

"ಓಟಿಪಿ ಕೇಳ್ಯಾರೇನು?"

"ಇಲ್ಲ. ನಾ ಕೆಲಸ ಮಾಡೀನಿ, ಅವ್ರು ಪಗಾರ ಹಾಕ್ಯಾರ."

ಬಾಬುಸಾಬ್ ಎದೆ ಹಿಡಿದುಕೊಂಡ. "ಯಾ ಅಲ್ಲಾ! ಏನೂ ಕೇಳಂಗಿಲ್ಲ, ಮ್ಯಾಲ ರೊಕ್ಕಾನೂ ಕೊಡ್ತಾರಂದ್ರ ಇದು ಭಾಳ ದೊಡ್ಡ ಮೋಸ ಐತಿ! ನಂಬರ್ ಕೊಡಿಲ್ಲಿ."

ಅವನು ನಂಬರ್ ಒತ್ತಿದ್ದೇ ತಡ, ಅಂಗಡಿಗೆ ಹೊರಟು ನಿಂತಿದ್ದ ಸಂಗನಬಸವನ ಬುತ್ತಿ ಚೀಲ ಗುರ್ ಗುರ್ ಎಂದಿತು. "ಹೊಟ್ಟಿ... ಹೊಟ್ಟಿ ಕೆಟ್ಟೈತಿ" ಎನ್ನುತ್ತ ಅವನು ಚೀಲದ ಸಮೇತ ಸಂಡಾಸಕ್ಕೆ ಓಡಿದ.

"ಬುತ್ತಿ ಯಾಕ ಒಯ್ದ ಇಂವ?" ಎಂದಳು ಮೆಹರಬಾನು.

ಒಳಗೆ ಸಂಗನಬಸವ ನಲ್ಲಿ ತಿರುಗಿಸಿ, ಚೀಲದಿಂದ ಆ ಹಳೆ ಫೋನ್ ತೆಗೆದು, ಟೀವಿ ವಾರ್ತೆಯವರ ದನಿಯಲ್ಲಿ ಪಿಸುಗುಟ್ಟಿದ: "ನಮಸ್ಕಾರ, ಹೇಳಿ ಸರ್."

"ಆಫೀಸ್ ಎಲ್ಲೈತ್ರಿ ನಿಮ್ದು?"

"ಲಿಂಗಸುಗೂರು ಸರ್. ಬಸ್ ಸ್ಟ್ಯಾಂಡ್ ಹಿಂದೆ, ಮೂಲೆ ಬಿಲ್ಡಿಂಗು, ಮೇಲಿನ ಮಹಡಿ."

"ನೀರು ಬೀಳೋ ಸಪ್ಪಳ ಬರಾಕತ್ತೈತಲ್ಲ?"

"ಮಳೆ ಸರ್" ಎಂದು ಫೋನ್ ಇಟ್ಟ. ಹೊರಗೆ ಬಿಸಿಲು ಧಗಧಗ ಉರಿಯುತ್ತಿತ್ತು.

ಹೊರಗೆ ಬಂದರೆ ಬಾಬುಸಾಬ್ ಆಗಲೇ ಅವನ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತಿದ್ದಾನೆ! "ನಡಿಯಪ್ಪ, ಲಿಂಗಸುಗೂರಿಗೆ. ಹೊಟ್ಟಿ ದಾರ್ಯಾಗ ಸುಧಾರಿಸ್ಕೊಂತೈತಿ."

ಅಂಗಡಿಗೆ ರಜೆ ಹೇಳಿ, ತನ್ನದೇ ಪೆಟ್ರೋಲ್ ಸುಟ್ಟು, ಇಲ್ಲದ ಆಫೀಸು ಹುಡುಕಲು ಹೋದ ಬಡಪಾಯಿ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ಮೂಲೆಯ ಬಿಲ್ಡಿಂಗಿನ ಮೇಲೆ ಹತ್ತಿ ನೋಡಿದರೆ ಮಹಡಿಯೇ ಇಲ್ಲ, ನೀರಿನ ಟ್ಯಾಂಕಿ ಮಾತ್ರ.

"ಹಿಡಿದೆ!" ಎಂದು ಬಾಬುಸಾಬ್ ಕುಣಿದಾಡಿದ. "ಅದಕ್ಕ ನೀರಿನ ಸಪ್ಪಳ ಬಂತು! ಕಳ್ಳ ನನ್ಮಗ ಇಲ್ಲೇ ಅಡಗಿ ಕುಂತು ಮಾತಾಡ್ಯಾನ."

ಸಂಜೆ ಬಾಬುಸಾಬ್ ಇಡೀ ಓಣಿಗೆ ಸುದ್ದಿ ಸಾರಿದ. ಮೆಹರಬಾನು, ಎದುರುಮನೆಯ ಪೀರಮ್ಮ, ಎಲ್ಲರೂ ಅಂಗಳದಲ್ಲಿ ಸೇರಿದರು. "ಕಂಪನೀನೂ ಇಲ್ಲ, ಗಿಂಪನೀನೂ ಇಲ್ಲವಾ. ಮೋಸ ಹೋದಿ ನೀ!" ಎಂದ ಬಾಬುಸಾಬ್.

ಸಂಗನಬಸವ ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದ. ಶಿವರಂಜನಿ ಮಾತ್ರ ತಣ್ಣಗೆ, "ಇರ್ಲಿ ಬಿಡ್ರಿ ಕಾಕಾ. ಆ ಮ್ಯಾನೇಜರ್ ಮೋಸ ಮಾಡೋ ಮನಷ್ಯಾ ಅಲ್ಲ" ಎಂದಳು. ಬಾಬುಸಾಬ್ ಹಣೆ ಹಣೆ ಬಡಿದುಕೊಳ್ಳುತ್ತ ಹೋದ.

ಒಳಗೆ ಚಹಾ ಕೊಟ್ಟಾಗ ಸಂಗನಬಸವನಿಗೆ ತಡೆಯಲಾಗಲಿಲ್ಲ. "ರಂಜನಿ, ಆ ಕಂಪನಿ..."

"ನೀವ ಅದೀರಿ. ಗೊತ್ತೈತಿ."

ಚಹಾ ನೆತ್ತಿಗೇರಿತು. "ಯಾವಾಗ ಗೊತ್ತಾತು?"

"ಮೊದಲನೇ ದಿನಾನ. ಫೋಟೋದಾಗ ಕಾರ್ಡಿನ ಕೆಳಗ ನಮ್ಮ ಹಾಸಿಗಿ ಚಾದರ ಕಾಣ್ತಿತ್ತು. ಲಿಂಗಸುಗೂರಿನವ್ರು ನಮ್ಮ ಚಾದರ ಹಾಸ್ಕೊಂಡು ಕುಂದರ್ತಾರೇನ್ರಿ?"

"ಮತ್ತ ಯಾಕ ಹೇಳ್ಲಿಲ್ಲ?"

ಶಿವರಂಜನಿಯ ಕಣ್ಣು ತುಂಬಿದವು, ಮುಖ ಮಾತ್ರ ನಗುತ್ತಿತ್ತು. "ಹೇಳಿದ್ರ ಕಂಪನಿ ಮುಚ್ಚತಿದ್ರಿ. ಲಗ್ನ ಆದಾಗಿಂದ ನೀವು ಒಂದಿನಾನೂ ನನ್ನ 'ಊಟ ಆತೇನು' ಅಂತ ಕೇಳಿಲ್ಲ. ಆ ಮ್ಯಾನೇಜರ್ ದಿನಾ ಮಧ್ಯಾಹ್ನ ಮೆಸೇಜ್ ಮಾಡಿ ಕೇಳ್ತಾನ."

ಸಂಗನಬಸವ ಸಣ್ಣ ಮುಖ ಮಾಡಿಕೊಂಡು, "ಆತು, ಇನ್ನ ನಾನ ಕೇಳ್ತೀನಿ. ನಾಳೆಯಿಂದ ಕಂಪನಿ ಬಂದ್" ಎಂದ.

"ಹೆಂಗ ಬಂದ್ ಮಾಡ್ತೀರಿ? ನೀವು ಲಿಂಗಸುಗೂರಿಗೆ ಹೋದಾಗ ಮೆಹರಬಾನು ಕಾಕಿ, ಪೀರಮ್ಮ ಇಬ್ರೂ ಬಂದು ಕೆಲಸ ಕೇಳಿದ್ರು. ನಾ ಹೂಂ ಅಂದೀನಿ. ಕಾಕಾ ಮೋಸ ಅಂತ ಸಾರಿದ ಮ್ಯಾಲೂ, 'ಪಗಾರ ಬಂದ್ರ ಸಾಕು' ಅಂತ ಕಿವ್ಯಾಗ ಹೇಳಿ ಹೋಗ್ಯಾರ. ನಾಳೆ ಅವರಿಗೂ ಫೋಟೋ ಕಳಸ್ಬೇಕು."

"ಅವರ ಪಗಾರ?"

"ಮ್ಯಾನೇಜರ್ ನೀವೋ, ನಾನೋ?" ಎಂದು ಅವಳು ಕಪ್ಪು ಎತ್ತಿಕೊಂಡು ಹೊರಟವಳು, ಬಾಗಿಲಲ್ಲಿ ನಿಂತು ತಿರುಗಿದಳು. "ಮತ್ತ ನೋಡ್ರಿ, ಅವರಿಗೇನರ 'ಊಟ ಆತೇನು' ಅಂತ ಕೇಳಿದ್ರ, ಚೊಲೋ ಇರಂಗಿಲ್ಲ!"